‘ಮುಂದೆ ಹಾಕಿಸ್ಕೊಳ್ಳಬಹುದು ಸಾರ್’: ಡೆಸ್ಕ್‌ಟಾಪ್ ಕೊಳ್ಳುವ ಮುಂಚೆ

ಕಂಪ್ಯೂಟರ್ ಅಂಗಡಿಗೆ ಹೋದವರೆಲ್ಲ ಕೇಳಿರುವ ಒಂದು ಮಾತಿದೆ. ‘ಈಗ ಇಷ್ಟು ಸಾಕು ಸಾರ್, ಮುಂದೆ ಬೇಕಾದ್ರೆ ಹಾಕಿಸ್ಕೊಳ್ಳಬಹುದು.’ ಬಿಡಿಭಾಗ ತಂದು ಜೋಡಿಸಿದ ಅಸೆಂಬಲ್ಡ್ ಮಾರುವವರೂ ಇದನ್ನೇ ಹೇಳುತ್ತಾರೆ, ಕಂಪನಿಯೇ ಜೋಡಿಸಿ ಕಳಿಸುವ ಬ್ರ್ಯಾಂಡೆಡ್ ಮಾರುವವರೂ ಇದನ್ನೇ ಹೇಳುತ್ತಾರೆ. ನಾವು ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತೇವೆ. ಏನು ಹಾಕಿಸಬಹುದು, ಎಲ್ಲಿಗೆ ಹಾಕಿಸಬಹುದು, ಎಷ್ಟು ವರ್ಷದ ತನಕ ಅಂತ ಕೇಳುವವರು ಕಡಿಮೆ. ನಾನಿವತ್ತು ಮಾತಾಡುವುದು ಆ ಒಂದು ಮಾತಿನ ಬಗ್ಗೆ.

ನಮ್ಮ ಕಡೆ ಮನೆ ಕಟ್ಟಿದವರು ಮುಂದೆ ಇನ್ನೊಂದು ಮಹಡಿ ಎಬ್ಬಿಸೋಣ ಅಂತ ಪಿಲ್ಲರಿನ ಕಂಬಿಯನ್ನು ಹಾಗೇ ಬಿಟ್ಟಿರುತ್ತಾರೆ ಅಲ್ವಾ? ಎಷ್ಟೋ ಮನೆಗಳ ಮೇಲೆ ಆ ಕಂಬಿ ತುಕ್ಕು ಹಿಡಿದು ನಿಂತಿದೆ, ಮಹಡಿ ಎದ್ದಿಲ್ಲ. ಇನ್ನು ಕೆಲವರಿಗೆ ಮಹಡಿ ಬೇಕಾದ ದಿನ ಬರುತ್ತದೆ, ಆದರೆ ಪಾಯ ತಡೆಯೋದಿಲ್ಲ ಅಂತ ಮೇಸ್ತ್ರಿ ಹೇಳುತ್ತಾನೆ. ಕಂಪ್ಯೂಟರಿನಲ್ಲೂ ಈ ಎರಡು ಥರದ ನಷ್ಟವನ್ನು ನಾನು ನೋಡುತ್ತಲೇ ಇರುತ್ತೇನೆ. ಎಂದೂ ಬಳಸದ ಸ್ಲಾಟ್‌ಗಳಿಗೆ, ಅಂದರೆ ಹೊಸ ಭಾಗ ಚುಚ್ಚುವ ಗೂಡುಗಳಿಗೆ, ದುಡ್ಡು ಸುರಿದವರು ಒಂದು ಕಡೆ. ಬೇಕಾದಾಗ ಒಂದು ಕಾರ್ಡ್ ಹಾಕಲಿಕ್ಕೆ ಆಗದೆ ಪೂರ್ತಿ ಮಷಿನ್ ಬದಲಾಯಿಸಿದವರು ಇನ್ನೊಂದು ಕಡೆ.

ಅಸೆಂಬಲ್ಡ್ ಆದರೆ ಬೆಳೆಸಬಹುದು, ಬ್ರ್ಯಾಂಡೆಡ್ ಆದರೆ ಆಗೋದಿಲ್ಲ ಅನ್ನುವ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮಷಿನ್ ಬೆಳೆಯುತ್ತದೋ ಇಲ್ಲವೋ ಅನ್ನುವುದು ನಾಲ್ಕು ಜಾಗದಲ್ಲಿ ತೀರ್ಮಾನ ಆಗುತ್ತದೆ: ಕರೆಂಟ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್, ಎಲ್ಲ ಭಾಗ ಕೂರುವ ಮದರ್‌ಬೋರ್ಡಿನ ಆಕಾರ, ಪ್ರೊಸೆಸರ್ ಕೂರುವ ಸಾಕೆಟ್, ಕ್ಯಾಬಿನೆಟ್ಟಿನ ಒಳಗಿನ ಜಾಗ. ಹೊರಗೆ ಯಾರ ಸ್ಟಿಕರ್ ಅಂಟಿದೆ ಅನ್ನುವುದು ಆಮೇಲಿನ ಮಾತು.

ಬಿಚ್ಚಿ ಸೇರಿಸುವ ಈ ಸೌಲಭ್ಯ ನಮಗೆ ಸಿಕ್ಕಿದ್ದೇ ಒಂದು ಅವಸರದಿಂದ. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ಹೊರತಂದಿತು, ಮಾಡೆಲ್ ನಂಬರ್ 5150. ಫ್ಲೋರಿಡಾದ ಬೋಕಾ ರೇಟನ್‌ನಲ್ಲಿ ಒಂದು ಸಣ್ಣ ತಂಡ ಸುಮಾರು ಒಂದು ವರ್ಷದಲ್ಲಿ ಅದನ್ನು ಮುಗಿಸಬೇಕಿತ್ತು. ಎಲ್ಲವನ್ನೂ ತಾವೇ ಮಾಡುತ್ತಾ ಕೂತರೆ ಮುಗಿಯುವ ಹಾಗಿರಲಿಲ್ಲ. ಹಾಗಾಗಿ ಇಂಟೆಲ್‌ನ 8088 ಪ್ರೊಸೆಸರ್ ತಂದರು, ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟಿನಿಂದ ತಂದರು, ಮಿಕ್ಕಿದ್ದನ್ನೂ ಆದಷ್ಟು ಮಾರುಕಟ್ಟೆಯಲ್ಲಿ ಸಿಗುವ ಸಾಮಾನಿನಿಂದಲೇ ಜೋಡಿಸಿದರು. ಒಳಗೆ ಐದು ಸ್ಲಾಟ್ ಬಿಟ್ಟರು. ಬೇರೆಯವರೂ ಆ ಸ್ಲಾಟಿಗೆ ಕಾರ್ಡ್ ಮಾಡಲಿ ಅಂತ ಸರ್ಕ್ಯೂಟ್ ಚಿತ್ರಗಳನ್ನೂ, ಮಷಿನ್ ಆನ್ ಆದಾಗ ಮೊದಲು ಓಡುವ ಬಯೋಸ್ ಪ್ರೋಗ್ರಾಮನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿ ಮಾರಿದರು. ಬಯೋಸ್ ಮೇಲೆ ಕಾಪಿರೈಟ್ ಇತ್ತು, ನಕಲು ಮಾಡುವ ಹಾಗಿರಲಿಲ್ಲ. ಕಾಂಪ್ಯಾಕ್ ಕಂಪನಿ ಅದನ್ನು ನೋಡದೆ, ಅದು ಮಾಡುವ ಕೆಲಸವನ್ನಷ್ಟೇ ಮಾಡುವ ಬೇರೆ ಬಯೋಸ್ ಬರೆಸಿ 1982ರ ಕೊನೆಗೆ ತನ್ನ ಮಷಿನ್ ಪ್ರಕಟಿಸಿತು. ಅಲ್ಲಿಂದ ಬಾಗಿಲು ತೆರೆಯಿತು.

ತೆರೆದ ಬಾಗಿಲನ್ನು ಮುಚ್ಚಲಿಕ್ಕೂ ಐಬಿಎಂ ನೋಡಿತು. 1987ರಲ್ಲಿ ಪಿಎಸ್/2 ಅನ್ನುವ ಹೊಸ ಸಾಲಿನ ಮಷಿನ್‌ಗಳು ಬಂದವು. ಅದರ ಸ್ಲಾಟ್ ಬೇರೆ, ಹೆಸರು ಮೈಕ್ರೋ ಚಾನಲ್. ಬಳಸಬೇಕಾದರೆ ಲೈಸೆನ್ಸ್ ದುಡ್ಡು ಕೊಡಬೇಕು. ಮರುವರ್ಷವೇ ಕಾಂಪ್ಯಾಕ್ ಮುಂದಾಳತ್ವದಲ್ಲಿ ಒಂಬತ್ತು ಕಂಪನಿಗಳು ಸೇರಿ ಹಳೆ ಕಾರ್ಡುಗಳೂ ಕೂರುವಂಥ ತಮ್ಮದೇ ಸ್ಲಾಟ್ ಪ್ರಕಟಿಸಿದವು. ಮೈಕ್ರೋ ಚಾನಲ್ ಮೂಲೆ ಸೇರಿತು. ಆದರೆ ಆ ಪಿಎಸ್/2 ಸಾಲಿನ ಒಂದು ತುಣುಕು ಮಾತ್ರ ಇನ್ನೂ ಉಳಿದಿದೆ, ಕೀಬೋರ್ಡ್ ಮತ್ತು ಮೌಸಿನ ಆ ದುಂಡನೆ ಪೋರ್ಟು. ಈಗಲೂ ಎಷ್ಟೋ ಹೊಸ ಬೋರ್ಡುಗಳ ಹಿಂದೆ ಅದು ಕಾಣಿಸುತ್ತದೆ.

1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನುವ ಅಳತೆ ಕೊಟ್ಟಿತು. ಬೋರ್ಡು ಎಷ್ಟು ಅಗಲ, ಸ್ಕ್ರೂ ತೂತು ಎಲ್ಲೆಲ್ಲಿ, ಹಿಂದಿನ ಪೋರ್ಟುಗಳ ಕಿಂಡಿ ಎಷ್ಟು, ಎಸ್‌ಎಂಪಿಎಸ್ ಎಲ್ಲಿ, ಎಲ್ಲವೂ ಅದರಲ್ಲಿದೆ. ಪೂರ್ತಿ ಎಟಿಎಕ್ಸ್ ಬೋರ್ಡು 305 ಮಿಲಿಮೀಟರಿಗೆ 244. ಅದರ ತಮ್ಮ ಮೈಕ್ರೋ ಎಟಿಎಕ್ಸ್ 244ಕ್ಕೆ 244. ಬೆಂಗಳೂರಿನ ಟೌನ್ ಹಾಲ್ ಪಕ್ಕದ ಎಸ್.ಪಿ. ರೋಡಿನಲ್ಲಿ ನಡೆದಿದ್ದೀರಲ್ಲ, ಒಂದು ಅಂಗಡಿಯಲ್ಲಿ ಕ್ಯಾಬಿನೆಟ್ ಕೊಂಡು, ಎದುರಿನ ಅಂಗಡಿಯಲ್ಲಿ ಬೋರ್ಡ್ ಕೊಂಡು, ಮೆಟ್ಟಿಲು ಹತ್ತಿ ಮೇಲಿನ ಅಂಗಡಿಯಲ್ಲಿ ರ‍್ಯಾಮ್ ಕೊಂಡು ಮನೆಗೆ ತಂದು ಜೋಡಿಸಿದರೆ ತೂತಿಗೆ ತೂತು ಸರಿಯಾಗಿ ಕೂರುತ್ತದೆ. ಆ ಬೀದಿ ನಡೆಯುತ್ತಿರುವುದೇ ಈ ಅಳತೆಯ ಮೇಲೆ. ಮೂರು ಕಂಪನಿಗಳಿಗೆ ಒಂದಕ್ಕೊಂದು ಪರಿಚಯವೇ ಇರಬೇಕಾಗಿಲ್ಲ.

ಈಗ ಒಂದು ಬ್ರ್ಯಾಂಡೆಡ್ ಮಷಿನ್ ಬಿಚ್ಚೋಣ. ಕಚೇರಿಗಳಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಮಲಗಿಸಿಟ್ಟಿರುವ ತೆಳ್ಳನೆ ಡಬ್ಬ ನೋಡಿದ್ದೀರಿ. ಎಸ್‌ಎಫ್‌ಎಫ್ ಅಂತಾರೆ, ಸ್ಮಾಲ್ ಫಾರ್ಮ್ ಫ್ಯಾಕ್ಟರ್. ಒಂದು ಕೊಂಡಿ ಎಳೆದರೆ ಮುಚ್ಚಳ ಬರುತ್ತದೆ, ಎಷ್ಟೋ ಮಾಡೆಲ್‌ಗಳಲ್ಲಿ ಸ್ಕ್ರೂಡ್ರೈವರೇ ಬೇಡ. ಹಾರ್ಡ್ ಡಿಸ್ಕ್ ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂತಿದೆ, ಚಿವುಟಿದರೆ ಕೈಗೆ ಬರುತ್ತದೆ. ರಿಪೇರಿ ಮಾಡುವವನ ದೃಷ್ಟಿಯಲ್ಲಿ ಇಷ್ಟು ಚೆಂದದ ಕೆಲಸ ಅಸೆಂಬಲ್ಡ್ ಮಷಿನ್‌ಗಳಲ್ಲಿ ಅಪರೂಪ. ನಾನು ಕಚೇರಿ, ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಹೊಗಳಬೇಕಾದ್ದನ್ನು ಹೊಗಳಲೇಬೇಕು.

ಈಗ ಎಸ್‌ಎಂಪಿಎಸ್ ನೋಡಿ. ಅಂಗಡಿಯಲ್ಲಿ ಸಿಗುವ ಚೌಕನೆ ಪೆಟ್ಟಿಗೆಯ ಹಾಗಿಲ್ಲ. ಉದ್ದಕ್ಕೆ, ಸಪೂರವಾಗಿದೆ, ಆ ಡಬ್ಬಕ್ಕೆಂದೇ ಮಾಡಿದ್ದು. ಅದರಿಂದ ಬೋರ್ಡಿಗೆ ಹೋಗುವ ವೈರು ಹಿಡಿದುಕೊಳ್ಳಿ. ಎಟಿಎಕ್ಸ್‌ನಲ್ಲಿ ಅಲ್ಲಿ 24 ಪಿನ್ನಿನ ದಪ್ಪ ಕನೆಕ್ಟರ್ ಇರುತ್ತದೆ. ಇಲ್ಲಿ ಮಾಡೆಲ್ ನೋಡಿಕೊಂಡು ಆರೋ ಎಂಟೋ ಪಿನ್ನು. ಹಾರ್ಡ್ ಡಿಸ್ಕಿಗೆ ಕರೆಂಟ್ ಎಲ್ಲಿಂದ? ಎಸ್‌ಎಂಪಿಎಸ್‌ನಿಂದ ವೈರೇ ಇಲ್ಲ. ಬೋರ್ಡಿನ ಮೂಲೆಯ ಒಂದು ಚಿಕ್ಕ ಸಾಕೆಟ್ಟಿನಿಂದ ಎಳೆದಿದ್ದಾರೆ. ಪವರ್ ಬಟನ್ನಿನ ಪ್ಲಗ್ ಕೂಡ ಅವರದೇ ಜೋಡಣೆ. ಬೋರ್ಡು ಸುಟ್ಟರೆ ಬೇರೆ ಬೋರ್ಡ್ ತಂದು ಆ ಡಬ್ಬದಲ್ಲಿ ಕೂರಿಸಲಿಕ್ಕೆ ಆಗುವುದಿಲ್ಲ. ಎಸ್‌ಎಂಪಿಎಸ್ ಹೋದರೆ ಅದೇ ಮಾಡೆಲಿನದ್ದನ್ನು ಹುಡುಕಬೇಕು.

ಕಂಪನಿಯವರು ಬೇಕಂತಲೇ ಗ್ರಾಹಕರನ್ನು ಕಟ್ಟಿಹಾಕಲಿಕ್ಕೆ ಹೀಗೆ ಮಾಡುತ್ತಾರೆ ಅಂತ ಸುಮ್ನೆ ಬೈಯುವುದು ಸುಲಭ. ಅದು ಸ್ವಲ್ಪ ಇರಬಹುದು. ಆದರೆ ಬೇರೆ ಕಾರಣವೂ ಇದೆ. ಎಟಿಎಕ್ಸ್ ಎಸ್‌ಎಂಪಿಎಸ್ 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಎಲ್ಲವನ್ನೂ ತಾನೇ ಕೊಡಬೇಕು. ಈಗಿನ ಮಷಿನ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕೆಲಸ ನಡೆಯುವುದು 12 ವೋಲ್ಟಿನಲ್ಲಿ. ಬರೀ 12 ವೋಲ್ಟ್ ಕೊಟ್ಟು, ಮಿಕ್ಕಿದ್ದನ್ನು ಬೋರ್ಡೇ ಇಳಿಸಿಕೊಂಡರೆ ವೈರು ಕಡಿಮೆ, ಸುಮ್ಮನೆ ಆನ್ ಆಗಿ ಕೂತಾಗ ಪೋಲಾಗುವ ಕರೆಂಟೂ ಕಡಿಮೆ. ಇಂಟೆಲ್ ಕೂಡ ಆಮೇಲೆ ಬರೀ 12 ವೋಲ್ಟಿನ, 10 ಪಿನ್ನಿನ ಒಂದು ಮಾದರಿಯನ್ನು ಸೂಚಿಸಿತು. ಸಾವಿರಾರು ಮಷಿನ್ ಒಟ್ಟಿಗೆ ಕೊಳ್ಳುವ ಕಚೇರಿಗೆ ಆ ಉಳಿತಾಯ ದೊಡ್ಡದು. ಮನೆಯಲ್ಲಿ ಒಂದು ಮಷಿನ್ ಇಟ್ಟುಕೊಂಡವರಿಗೆ ಅದರ ಬಿಸಿ ಗೊತ್ತಾಗುವುದು ಎಸ್‌ಎಂಪಿಎಸ್ ಸುಟ್ಟ ದಿನ.

ಹಳೆಯ ಒಂದು ಕಥೆ ಇದೆ, ಅದಕ್ಕೆ ಮಾತ್ರ ಯಾವ ಸಮರ್ಥನೆಯೂ ನನಗೆ ಸಿಕ್ಕಿಲ್ಲ. 1990ರ ದಶಕದ ಕೊನೆಗೆ ಕೆಲವು ವರ್ಷ ಡೆಲ್ ಮಷಿನ್‌ಗಳಲ್ಲಿ ನೋಡಲು ಪಕ್ಕಾ ಎಟಿಎಕ್ಸ್ ಥರದ್ದೇ ಕನೆಕ್ಟರ್ ಇತ್ತು. ಆದರೆ ಒಳಗೆ ಯಾವ ಪಿನ್ನಿಗೆ ಯಾವ ವೋಲ್ಟ್ ಅನ್ನುವ ಜೋಡಣೆ ಬೇರೆ. ಹೊರಗಿನ ಎಸ್‌ಎಂಪಿಎಸ್ ತಂದು ಚುಚ್ಚಿದರೆ ಸಲೀಸಾಗಿ ಒಳಗೆ ಹೋಗುತ್ತದೆ, ಸ್ವಿಚ್ ಹಾಕಿದರೆ ಬೋರ್ಡ್ ಹೋಗುತ್ತದೆ. ಕನೆಕ್ಟರಿನ ಆಕಾರವೇ ಬೇರೆ ಇದ್ದಿದ್ದರೆ ಯಾರೂ ಚುಚ್ಚುತ್ತಿರಲಿಲ್ಲ. ಈಗಿನ ಆರು ಪಿನ್ನು ಎಂಟು ಪಿನ್ನಿನವು ಆ ಮಟ್ಟಿಗೆ ಪ್ರಾಮಾಣಿಕ. ನೋಡಿದ ತಕ್ಷಣ ಬೇರೆ ಅಂತ ತಿಳಿಯುತ್ತದೆ.

ಹಾಗಾದರೆ ಈ ತೆಳ್ಳನೆ ಡಬ್ಬದಲ್ಲಿ ಏನೂ ಬೆಳೆಸಲಿಕ್ಕೆ ಆಗೋದಿಲ್ವಾ? ಆಗುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ಬಹಳ ವೇಗದ ಎಸ್‌ಎಸ್‌ಡಿ ಹಾಕಬಹುದು. ರ‍್ಯಾಮ್ 4 ಜಿಬಿ ಇದ್ದದ್ದನ್ನು 16 ಮಾಡಬಹುದು. ಸಾಕೆಟ್ ಮಾಮೂಲಿ ಇಂಟೆಲ್ ಸಾಕೆಟ್ಟೇ ಆಗಿದ್ದರೆ ಐ3 ಪ್ರೊಸೆಸರ್ ತೆಗೆದು ಅದೇ ಜನರೇಷನ್ನಿನ, ಅದಕ್ಕಿಂತ ಬಲವಾದ ಐ5 ಕೂರಿಸಬಹುದು. ಹತ್ತರಲ್ಲಿ ಎಂಟು ಜನಕ್ಕೆ ಬೇಕಾಗುವುದೇ ಇಷ್ಟು. ಟ್ಯಾಲಿ ಓಡಿಸುವ ಅಂಗಡಿಗೆ, ಪಂಚಾಯಿತಿ ಕಚೇರಿಗೆ, ಶಾಲೆಯ ಲ್ಯಾಬಿಗೆ ಇದಕ್ಕಿಂತ ಜಾಸ್ತಿ ಏನು ಹಾಕಿಸುತ್ತೀರಿ ಹೇಳಿ.

ಸಿಕ್ಕಿಹಾಕಿಕೊಳ್ಳುವುದು ಗೇಮ್, ವಿಡಿಯೋ ಕೆಲಸಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡಿನ ಹತ್ತಿರ. ಬೋರ್ಡಿನ ಉದ್ದನೆ ಸ್ಲಾಟಿನಿಂದ ಒಂದು ಕಾರ್ಡಿಗೆ ಹೆಚ್ಚೆಂದರೆ 75 ವಾಟ್ ಸಿಗುತ್ತದೆ, ಅದು ಆ ಸ್ಲಾಟಿನ ಮಾನದಂಡವಾದ ಪಿಸಿಐ ಎಕ್ಸ್‌ಪ್ರೆಸ್‌ನ ನಿಯಮ. ಅದಕ್ಕಿಂತ ಜಾಸ್ತಿ ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರ ವೈರು ಬರಬೇಕು. ಆರು ಪಿನ್ನಿನ ವೈರು ಇನ್ನೊಂದು 75 ವಾಟ್ ಕೊಡುತ್ತದೆ, ಎಂಟು ಪಿನ್ನಿನದು 150. ತೆಳ್ಳನೆ ಡಬ್ಬದಲ್ಲಿ ಆ ವೈರೇ ಇಲ್ಲ. ಜೊತೆಗೆ ಕಾರ್ಡು ಗಿಡ್ಡವಾಗಿರಬೇಕು, ಲೋ ಪ್ರೊಫೈಲ್ ಅಂತ ಕೇಳಿ ತರಬೇಕು. ಎನ್‌ವಿಡಿಯಾದ ಆರ್‌ಟಿಎಕ್ಸ್ 3050ರಲ್ಲಿ 6 ಜಿಬಿಯ ಮಾದರಿ 70 ವಾಟಿನದು, ಅದರಲ್ಲಿ ಗಿಡ್ಡ ಕಾರ್ಡುಗಳೂ ಬಂದಿವೆ. ಹೆಚ್ಚುಕಡಿಮೆ ಅಲ್ಲಿಗೆ ನಿಮ್ಮ ಮಿತಿ. ಕೆಲವು ಮಾಡೆಲಿನ ಕೈಪಿಡಿಯಲ್ಲಿ ಆ ಸ್ಲಾಟಿಗೆ ಇನ್ನೂ ಕಡಿಮೆ ವಾಟ್ ಅಂತ ಬರೆದಿರುತ್ತಾರೆ. ಕಾರ್ಡ್ ಕೊಳ್ಳುವ ಮುಂಚೆ ಅದನ್ನು ಓದಿ.

ಸ್ಲಾಟ್ ಅಂದರೆ ಎಲ್ಲರಿಗೂ ಗೇಮ್ ನೆನಪಾಗುತ್ತದೆ. ನನಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ನೆನಪಾಗುತ್ತದೆ. ನಮ್ಮ ಸಹಕಾರ ಸಂಘಗಳಲ್ಲಿ, ಲಾರಿ ಆಫೀಸುಗಳಲ್ಲಿ, ಕಾರ್ಬನ್ ಪ್ರತಿ ಬೇಕಾದ ಕಡೆಯಲ್ಲೆಲ್ಲ ಅದು ಈಗಲೂ ಕಿರ್ರಂತ ಓಡುತ್ತಿದೆ. ಹಳೆಯವುಗಳಿಗೆ ಹಿಂದೆ ಅಗಲವಾದ ಪ್ಯಾರಲಲ್ ಪೋರ್ಟ್. ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟ್ ಇಲ್ಲ. ಯುಎಸ್‌ಬಿ ಕೇಬಲ್ ಹಾಕಿ ನೋಡಿದರೆ ಹಳೆ ಸಾಫ್ಟ್‌ವೇರ್ ಕೆಲವೊಮ್ಮೆ ಒಪ್ಪುವುದಿಲ್ಲ, ಅದಕ್ಕೆ ಎಲ್‌ಪಿಟಿ1 ಅನ್ನುವ ಹೆಸರಿನ ಪ್ಯಾರಲಲ್ ಪೋರ್ಟೇ ಬೇಕು. ಖಾಲಿ ಸ್ಲಾಟ್ ಒಂದಿದ್ದರೆ ಸಣ್ಣದೊಂದು ಪ್ಯಾರಲಲ್ ಕಾರ್ಡ್ ಹಾಕಿದರೆ ಮುಗಿಯಿತು. ಸ್ಲಾಟೇ ಇಲ್ಲದ ಮಿನಿ ಪಿಸಿ ಕೊಂಡಿದ್ದರೆ ಪ್ರಿಂಟರ್ ಬದಲಾಯಿಸಬೇಕು. ಬೆಳೆಸುವುದು ಅಂದರೆ ವೇಗ ಹೆಚ್ಚಿಸುವುದಷ್ಟೇ ಅಂದುಕೊಳ್ಳಬೇಡಿ. ಇದ್ದದ್ದನ್ನು ಉಳಿಸಿಕೊಳ್ಳುವುದೂ ಅದರಲ್ಲಿ ಬರುತ್ತದೆ.

ಈಗ ಅಸೆಂಬಲ್ಡ್ ಕಡೆಗೆ ಬರೋಣ. ಇಲ್ಲಿ ಪಾಯ ಎಷ್ಟು ಗಟ್ಟಿ? ಕ್ವೊಟೇಶನ್ ತೆಗೆದು ನೋಡಿ. ಪ್ರೊಸೆಸರಿನ ಹೆಸರು ಪೂರ್ತಿ ಇರುತ್ತದೆ. ಬೋರ್ಡಿನ ಮಾಡೆಲ್ ಇರುತ್ತದೆ. ರ‍್ಯಾಮ್, ಎಸ್‌ಎಸ್‌ಡಿ ಕಂಪನಿ ಹೆಸರಿನ ಸಮೇತ ಇರುತ್ತದೆ. ಕೊನೆಗೆ ‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’ ಅಂತ ಒಂದೇ ಸಾಲು. ಯಾವ ಎಸ್‌ಎಂಪಿಎಸ್? ಎಷ್ಟು ವಾಟ್? ಕೇಳಿದರೆ ‘450 ವಾಟ್ ಸಾರ್, ಸಾಕಷ್ಟಾಯ್ತು’ ಅನ್ನುತ್ತಾರೆ.

ಆ ಪೆಟ್ಟಿಗೆಯ ಮೇಲಿನ ಲೇಬಲ್ ಓದುವುದನ್ನು ಇವತ್ತೇ ಕಲಿತುಬಿಡಿ, ಕಷ್ಟ ಏನಿಲ್ಲ. ಒಂದು ಕೋಷ್ಟಕ ಇರುತ್ತದೆ. 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್, ಒಂದೊಂದರ ಕೆಳಗೆ ಎಷ್ಟು ಆಂಪಿಯರ್ ಅಂತ. ನೀವು ನೋಡಬೇಕಾದ್ದು 12 ವೋಲ್ಟಿನ ಕೆಳಗಿನ ಅಂಕಿ. ಅಲ್ಲಿ 16 ಅಂತ ಇದೆ ಅನ್ನಿ. 12ನ್ನು 16ರಿಂದ ಗುಣಿಸಿ, 192 ವಾಟ್. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ನಿಜವಾಗಿ ಸಿಗುವುದು ಅಷ್ಟೇ, ಹೊರಗೆ ದೊಡ್ಡಕ್ಷರದಲ್ಲಿ 450 ಅಂತ ಬರೆದಿದ್ದರೂ ಅಷ್ಟೇ. ಮಿಕ್ಕ ವಾಟೆಲ್ಲ ನಿಮಗೆ ಜಾಸ್ತಿ ಬೇಡದ 5 ಮತ್ತು 3.3 ವೋಲ್ಟಿನ ಕಡೆ ಲೆಕ್ಕಕ್ಕೆ ತೋರಿಸಿರುತ್ತಾರೆ. ಅದೂ ಲೇಬಲ್ ನಿಜ ಹೇಳಿದರೆ. ಈಗ ಆರ್‌ಟಿಎಕ್ಸ್ 3060 ಹಾಕಬೇಕು ಅಂದುಕೊಳ್ಳಿ. ಅದೊಂದೇ 170 ವಾಟ್. ಪ್ರೊಸೆಸರ್ 65 ಅಂತ ಇಟ್ಟುಕೊಂಡರೂ 235 ಆಯಿತು. ಮುಂದೆ ಹಾಕಿಸಿಕೊಳ್ಳಬಹುದು ಅಂದಿದ್ದರಲ್ಲ, ಈ ಪೆಟ್ಟಿಗೆಯ ಜೊತೆ ಅದು ಆಗುವುದಿಲ್ಲ.

ಅಸೆಂಬಲ್ಡ್‌ನ ಒಳ್ಳೆಯತನ ಕಾಣುವುದೂ ಇಲ್ಲೇ. ಎಟಿಎಕ್ಸ್ ಅಳತೆ ಆದ್ದರಿಂದ ನಾಲ್ಕು ಸ್ಕ್ರೂ ಬಿಚ್ಚಿ ಒಳ್ಳೆ ಎಸ್‌ಎಂಪಿಎಸ್ ಹಾಕಿದರೆ ಸರಿಹೋಯಿತು. ತಪ್ಪು ತಿದ್ದಿಕೊಳ್ಳಲು ಜಾಗ ಇದೆ. ಆದರೂ ನನ್ನ ಸಲಹೆ ಏನಂದರೆ, ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೂ ಪರವಾಗಿಲ್ಲ, ಎಸ್‌ಎಂಪಿಎಸ್‌ನಲ್ಲಿ ಚೌಕಾಸಿ ಮಾಡಬೇಡಿ. ಎರಡು ಪ್ರೊಸೆಸರ್ ಬದಲಾದರೂ ಅದು ಹಾಗೇ ಉಳಿಯುತ್ತದೆ. ಯುಪಿಎಸ್ ಕೂಡ ಲೆಕ್ಕಕ್ಕೆ ತಗೊಳ್ಳಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ಸುಮಾರು 360 ವಾಟ್ ತಡೆಯುತ್ತದೆ. ದೊಡ್ಡ ಕಾರ್ಡ್ ಹಾಕಿ, ಗೇಮ್ ಮಧ್ಯೆ ಕರೆಂಟ್ ಹೋದರೆ ಯುಪಿಎಸ್ಸೂ ಕುಯ್ ಅಂತ ಕಿರುಚಿ ಆಫ್ ಆಗುತ್ತದೆ. ಆಮೇಲೆ ಯುಪಿಎಸ್ ಕೆಟ್ಟಿದೆ ಅಂತ ಫೋನ್ ಬರುತ್ತದೆ.

ಬೋರ್ಡಿನ ವಿಷಯ. ಕಡಿಮೆ ಬೆಲೆಯ ಬೋರ್ಡಿನಲ್ಲಿ ರ‍್ಯಾಮಿಗೆ ಎರಡೇ ಸ್ಲಾಟ್ ಇರುತ್ತದೆ. ನಾಲ್ಕು ಸ್ಲಾಟಿನದು ತಗೊಳ್ಳಿ, ಈಗ ಎರಡು ತುಂಬಿ, ಮುಂದೆ ಎರಡು ತುಂಬಬಹುದು ಅಂತ ಬುದ್ಧಿ ಹೇಳುವವರಿದ್ದಾರೆ. ಹಿಂದಿನ ತಲೆಮಾರಿನ ಮೆಮೊರಿ ಡಿಡಿಆರ್4 ಕಾಲಕ್ಕೆ ಅದು ಒಳ್ಳೆ ಬುದ್ಧಿ. ಆಮೇಲೆ ಬಂದ ಡಿಡಿಆರ್5ನಲ್ಲಿ ಕಥೆ ಬೇರೆ. ಉದಾಹರಣೆಗೆ ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಕಂಪನಿಯ ರೈಜೆನ್ 7000 ಪ್ರೊಸೆಸರ್ ಸಾಲಿನಲ್ಲಿ ಎರಡು ರ‍್ಯಾಮ್ ಹಾಕಿದರೆ ಕಂಪನಿ ಅಧಿಕೃತವಾಗಿ ಹೇಳುವ ವೇಗ 5200. ನಾಲ್ಕೂ ಸ್ಲಾಟ್ ತುಂಬಿದರೆ ಅದೇ ಕಂಪನಿ ಹೇಳುವುದು 3600. ಅಂದರೆ ರ‍್ಯಾಮ್ ಹೆಚ್ಚಿಸಲು ಹೋಗಿ ವೇಗ ಇಳಿಸಿಕೊಂಡ ಹಾಗೆ. ಇಷ್ಟು ವೇಗದಲ್ಲಿ ಸಿಗ್ನಲ್ ಹೋಗುವಾಗ ತಂತಿಯ ಮೇಲೆ ಪ್ರತಿ ಹೆಚ್ಚುವರಿ ತುಂಡೂ ಅದಕ್ಕೆ ಅಡ್ಡಿ. ಹಾಗಾಗಿ ಡಿಡಿಆರ್5 ಬೋರ್ಡ್ ಕೊಳ್ಳುವವರು ದೊಡ್ಡದೇ ಎರಡು ತಗೊಂಡು ಸುಮ್ಮನಾಗುವುದು ಒಳ್ಳೆಯದು.

ಸಾಕೆಟ್ಟಿಗೆ ಬರುತ್ತೇನೆ. ‘ಮುಂದೆ ಪ್ರೊಸೆಸರ್ ಬದಲಾಯಿಸ್ಕೊಳ್ಳಬಹುದು’ ಅನ್ನುವ ಆಸೆಯಲ್ಲಿ ಜಾಸ್ತಿ ದುಡ್ಡಿನ ಬೋರ್ಡ್ ಕೊಳ್ಳುವವರು ಬಹಳ. ಇಂಟೆಲ್‌ನ ಸಾಕೆಟ್ ಇತಿಹಾಸ ಸ್ವಲ್ಪ ಕೇಳಿ, ಹೆಸರಿನ ಅಂಕಿ ಅಂದರೆ ಪಿನ್ನಿನ ಲೆಕ್ಕ. 2009ರಲ್ಲಿ 1156, 2011ರಲ್ಲಿ 1155, 2013ರಲ್ಲಿ 1150, 2015ರಲ್ಲಿ 1151. 2017ರಲ್ಲಿ ಎಂಟನೇ ಜನರೇಷನ್ ಬಂದಾಗ ಸಾಕೆಟ್ ಹೆಸರು 1151 ಅಂತಲೇ ಉಳಿಯಿತು, ಪಿನ್ನಿನ ಲೆಕ್ಕವೂ ಅಷ್ಟೇ, ಆದರೆ ಹಳೆ ಬೋರ್ಡಿನಲ್ಲಿ ಓಡಲಿಲ್ಲ. 300 ಸೀರೀಸಿನ ಹೊಸ ಬೋರ್ಡೇ ಬೇಕಾಯಿತು. 2020ರಲ್ಲಿ 1200, 2021ರಲ್ಲಿ 1700, 2024ರಲ್ಲಿ 1851. ಇದರಲ್ಲಿ 1700 ಒಂದು ಮಾತ್ರ ಸ್ವಲ್ಪ ಧಾರಾಳಿ, 12, 13, 14 ಮೂರೂ ಜನರೇಷನ್ ಅದರಲ್ಲಿ ಕೂರುತ್ತವೆ. ಮಿಕ್ಕಂತೆ ನೀವು ಪ್ರೊಸೆಸರ್ ಬದಲಾಯಿಸಬೇಕು ಅಂದುಕೊಳ್ಳುವ ಹೊತ್ತಿಗೆ ಹೊಸ ಪ್ರೊಸೆಸರ್ ನಿಮ್ಮ ಬೋರ್ಡಿಗೆ ಕೂರುವುದಿಲ್ಲ, ಕೂರುವ ಪ್ರೊಸೆಸರ್ ಹೊಸದಾಗಿ ಸಿಗುವುದಿಲ್ಲ.

ಎಎಂಡಿಯದು ಬೇರೆ ದಾರಿ. ಎಎಂ4 ಸಾಕೆಟ್ 2016ರಲ್ಲಿ ಬಂತು, ಮರುವರ್ಷ ಅದರ ಮೇಲೆ ಮೊದಲ ರೈಜೆನ್. 2022ರಲ್ಲಿ ಬಂದ 5800ಎಕ್ಸ್3ಡಿ ಪ್ರೊಸೆಸರನ್ನು ಬಯೋಸ್ ಅಪ್‌ಡೇಟ್ ಮಾಡಿಕೊಂಡು ಆ ಮೊದಲ ಸಾಲಿನ ಬೋರ್ಡುಗಳಲ್ಲೂ ಓಡಿಸಬಹುದು. ಐದು ವರ್ಷದ ಹಳೆ ಬೋರ್ಡಿನಲ್ಲಿ ಆ ಕಾಲದ ಅತಿ ವೇಗದ ಗೇಮಿಂಗ್ ಪ್ರೊಸೆಸರುಗಳಲ್ಲಿ ಒಂದು! ಇದು ಸುಲಭವಾಗಿ ಆದದ್ದಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ 400 ಸೀರೀಸ್ ಬೋರ್ಡುಗಳಿಗೆ ಮುಂದಿನ ರೈಜೆನ್ ಸಿಗುವುದಿಲ್ಲ ಅಂತ ಹೇಳಿತ್ತು. ಬಯೋಸ್ ಚಿಪ್ಪಿನಲ್ಲಿ ಅಷ್ಟೊಂದು ಪ್ರೊಸೆಸರುಗಳ ವಿವರ ತುಂಬಲು ಜಾಗ ಸಾಲದು ಅನ್ನುವುದು ಕಾರಣ. ಎಷ್ಟೋ ಬೋರ್ಡುಗಳಲ್ಲಿ ಇದ್ದದ್ದು 16 ಎಂಬಿ ಚಿಪ್. ಜನ ಗಲಾಟೆ ಎಬ್ಬಿಸಿದರು, ಕೆಲವೇ ದಿನದಲ್ಲಿ ಕಂಪನಿ ಮಾತು ಬದಲಿಸಿತು. ಈಗಿನ ಎಎಂ5 ಸಾಕೆಟ್ 2022ರದು, 2027ರ ತನಕ ನಡೆಸುತ್ತೇವೆ ಅಂದಿದ್ದಾರೆ. ಪ್ರೊಸೆಸರ್ ಬದಲಾಯಿಸುವ ಆಸೆ ನಿಜವಾಗಿ ಇದ್ದರೆ ಅಂಗಡಿಯಲ್ಲಿ ಕೇಳಬೇಕಾದ್ದು ಒಂದೇ: ಈ ಸಾಕೆಟ್ ಈಗ ಹುಟ್ಟಿದ್ದಾ, ಮುಗಿಯುತ್ತಾ ಬಂದಿದ್ದಾ?

ಆದರೆ ನಾನು ನೋಡಿದ ಮಟ್ಟಿಗೆ ಬದಲಾಯಿಸುವವರೇ ಕಡಿಮೆ. ಜನ ಹಾಕಿಸುವುದು ಎಸ್‌ಎಸ್‌ಡಿ, ರ‍್ಯಾಮ್, ಆಮೇಲೆ ಗ್ರಾಫಿಕ್ಸ್ ಕಾರ್ಡ್, ಇದೇ ಕ್ರಮದಲ್ಲಿ. ಒಬ್ಬರು ಮದುವೆ ಫೋಟೋ ವಿಡಿಯೋ ಮಾಡುವವರು ಸಣ್ಣ ಗ್ರಾಫಿಕ್ಸ್ ಕಾರ್ಡಿನ ಅಸೆಂಬಲ್ಡ್ ಮಷಿನ್ ಇಟ್ಟುಕೊಂಡಿದ್ದರು. ಸ್ಟಿಲ್ ಫೋಟೋಗೆ ಅದು ಸಾಕಾಗಿತ್ತು. ಗಿರಾಕಿಗಳು 4ಕೆ ವಿಡಿಯೋ ಕೇಳಲು ಶುರು ಮಾಡಿದ ಮೇಲೆ ಕೆಲಸ ಎಳೆಯತೊಡಗಿತು. ಹೊಸ ಮಷಿನ್ನಿನ ಕ್ವೊಟೇಶನ್ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. ಬಿಚ್ಚಿ ನೋಡಿದರೆ ಎಸ್‌ಎಂಪಿಎಸ್ ಒಳ್ಳೆ ಕಂಪನಿಯದು, ಎಂಟು ಪಿನ್ನಿನ ವೈರು ಕಟ್ಟಿದ್ದು ಕಟ್ಟಿದ ಹಾಗೇ ಮೂಲೆಯಲ್ಲಿ ಬಿದ್ದಿದೆ. ಕ್ಯಾಬಿನೆಟ್ಟಿನಲ್ಲಿ ಉದ್ದನೆ ಕಾರ್ಡಿಗೆ ಜಾಗ ಇದೆ. ಟೇಪು ಹಿಡಿದು ಅಳೆದೆವು, ಹಾರ್ಡ್ ಡಿಸ್ಕಿನ ಗೂಡು ಸ್ವಲ್ಪ ಅಡ್ಡ ಬರುತ್ತಿತ್ತು, ಅದನ್ನು ಬಿಚ್ಚಿದೆವು. ಕಾರ್ಡ್ ಬದಲಾಯಿತು, ಇನ್ನೂ ವೇಗದ ಥರದ್ದು, ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಸೇರಿತು. ಬೋರ್ಡು, ಪ್ರೊಸೆಸರ್ ಎಲ್ಲ ಅವೇ. ಕ್ವೊಟೇಶನ್ ಮಡಚಿ ಜೇಬಿಗಿಟ್ಟುಕೊಂಡರು. ಹಳೆ ಕಾರ್ಡ್ ಮಗನ ಮಷಿನ್ನಿಗೆ ಹೋಯಿತು.

‘ಮುಂದೆ’ ಅನ್ನುವ ಪದದಲ್ಲಿ ಇನ್ನೊಂದು ಅಪಾಯ ಇದೆ, ಬೆಲೆ. ಎಲೆಕ್ಟ್ರಾನಿಕ್ಸ್ ಸಾಮಾನು ದಿನ ಹೋದಂತೆ ಅಗ್ಗ ಆಗುತ್ತದೆ ಅಂತ ನಾವೆಲ್ಲ ನಂಬಿದ್ದೆವು. 2025ರ ಕೊನೆಯ ತಿಂಗಳುಗಳಲ್ಲಿ ಏನಾಯಿತು ನೋಡಿ. ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳತೊಡಗಿದವು, ಚಿಲ್ಲರೆ ಅಂಗಡಿಯಲ್ಲಿ ರ‍್ಯಾಮ್ ಬೆಲೆ ದುಪ್ಪಟ್ಟು ದಾಟಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನು ಚಿಲ್ಲರೆ ಮಾರುಕಟ್ಟೆಯಿಂದಲೇ ತೆಗೆಯುವುದಾಗಿ ಹೇಳಿತು. ‘ಈಗ 8 ಜಿಬಿ ಸಾಕು, ಮುಂದೆ ಇನ್ನೊಂದು 8 ಹಾಕೋಣ’ ಅಂದುಕೊಂಡವರಿಗೆ ಆ ‘ಮುಂದೆ’ ದುಬಾರಿಯಾಯಿತು. ಅದಕ್ಕೇ ಮುಂದಿನ ಆರು ತಿಂಗಳಲ್ಲಿ ಖಂಡಿತ ಬೇಕು ಅಂತ ಗೊತ್ತಿರುವುದನ್ನು ಈಗಲೇ ಹಾಕಿಸಿ. ಬೇಕಾಗುತ್ತದೋ ಇಲ್ಲವೋ ಅನ್ನುವುದಕ್ಕೆ ಜಾಗ ಮಾತ್ರ ಇಟ್ಟುಕೊಳ್ಳಿ.

ಆಲ್ ಇನ್ ಒನ್, ಮಿನಿ ಪಿಸಿ ಬಗ್ಗೆ ಎರಡು ಮಾತು ಸಾಕು. ಮಾನಿಟರ್ ಹಿಂದೆಯೇ ಎಲ್ಲ ಕೂತಿರುವ ಆಲ್ ಇನ್ ಒನ್ ಅಂದರೆ ಲ್ಯಾಪ್‌ಟಾಪನ್ನೇ ನೆಟ್ಟಗೆ ನಿಲ್ಲಿಸಿದ ಹಾಗೆ, ಡಿಸ್‌ಪ್ಲೇ ಹೋದರೆ ಕಂಪ್ಯೂಟರೂ ಮೂಲೆ ಸೇರುತ್ತದೆ. ಮಿನಿ ಪಿಸಿಯಲ್ಲಿ ರ‍್ಯಾಮ್ ಸ್ಲಾಟ್ ಇದೆಯಾ, ಬೋರ್ಡಿಗೇ ಬೆಸುಗೆ ಹಾಕಿದ್ದಾರಾ ಕೇಳಿ. ಬೆಸುಗೆ ಹಾಕುವುದೆಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಬಿಚ್ಚಿ ರಿಪೇರಿ ಮಾಡುವ ಲ್ಯಾಪ್‌ಟಾಪಿಗೆ ಹೆಸರಾದ ಫ್ರೇಮ್‌ವರ್ಕ್ ಕಂಪನಿ 2025ರಲ್ಲಿ ಒಂದು ಡೆಸ್ಕ್‌ಟಾಪ್ ಪ್ರಕಟಿಸಿತು, ಅದರಲ್ಲೂ ರ‍್ಯಾಮ್ ಬೆಸುಗೆಯದೇ. ಆ ಎಎಂಡಿ ಚಿಪ್ಪಿಗೆ ಬೇಕಾದ ವೇಗದಲ್ಲಿ ಬಿಚ್ಚುವ ರ‍್ಯಾಮ್ ಕೆಲಸ ಮಾಡಲಿಲ್ಲ, ಎಎಂಡಿ ಜೊತೆ ಸೇರಿ ನೋಡಿದೆವು ಅಂತ ಅವರೇ ಹೇಳಿದರು. ಆದರೆ ಬೋರ್ಡಿನ ಅಳತೆಯನ್ನು ಎಲ್ಲರೂ ಬಳಸುವ ಚಿಕ್ಕ ಅಳತೆ ಮಿನಿ ಐಟಿಎಕ್ಸ್ ಇಟ್ಟರು, ಆ ಅಳತೆ ಒಪ್ಪುವ ಯಾವ ಕ್ಯಾಬಿನೆಟ್ಟಿಗೆ ಬೇಕಾದರೂ ಹಾಕಬಹುದು. ಒಂದು ಕಡೆ ಮುಚ್ಚಿ, ಇನ್ನೊಂದು ಕಡೆ ತೆರೆದರು.

ಗ್ಯಾರಂಟಿ ವಿಷಯದಲ್ಲಿ ಬ್ರ್ಯಾಂಡೆಡ್ ಗೆಲ್ಲುತ್ತದೆ, ಅದರಲ್ಲೂ ಬೆಂಗಳೂರಿನ ಹೊರಗಿರುವ ನಮಗೆ. ಆನ್‌ಸೈಟ್ ವಾರಂಟಿ ಇದ್ದರೆ ಫೋನ್ ಮಾಡಿದರೆ ಜನ ಬರುತ್ತಾರೆ, ತಪ್ಪು ಯಾರದ್ದು ಅನ್ನುವ ಜಗಳ ಇಲ್ಲ. ಅಸೆಂಬಲ್ಡ್‌ನಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಕಂಪನಿ, ಒಂದೊಂದು ಅವಧಿ. ಬೋರ್ಡ್ ಕಂಪನಿ ಎಸ್‌ಎಂಪಿಎಸ್ ಮೇಲೆ ಹೇಳುತ್ತದೆ, ಎಸ್‌ಎಂಪಿಎಸ್‌ನವರು ಕರೆಂಟಿನ ಮೇಲೆ ಹೇಳುತ್ತಾರೆ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ‘ಕಂಪ್ಯೂಟರ್ ಒಂದು ಸೆಟ್’ ಅಂತ ಬರೆದ ಬಿಲ್ಲು ಮೂರು ವರ್ಷದ ವಾರಂಟಿಗೆ ಉಪಯೋಗಕ್ಕೆ ಬರುವುದಿಲ್ಲ. ಹಾಗೇ ವಿಂಡೋಸ್. ಬ್ರ್ಯಾಂಡೆಡ್ ಮಷಿನ್ ಜೊತೆ ಬರುವ ವಿಂಡೋಸ್ ಲೈಸೆನ್ಸ್ ಆ ಬೋರ್ಡಿಗೇ ಕಟ್ಟಿದ್ದು, ಬೇರೆ ಮಷಿನ್ನಿಗೆ ಹೋಗುವುದಿಲ್ಲ. ಅಸೆಂಬಲ್ಡ್‌ಗೆ ರಿಟೇಲ್ ಲೈಸೆನ್ಸ್ ಕೊಂಡರೆ ಬೋರ್ಡ್ ಬದಲಾದರೂ ಜೊತೆಗೆ ಒಯ್ಯಬಹುದು, ಬೆಲೆ ಮಾತ್ರ ಜಾಸ್ತಿ. ಎಷ್ಟೋ ಕ್ವೊಟೇಶನ್‌ಗಳಲ್ಲಿ ಅಸೆಂಬಲ್ಡ್ ಅಗ್ಗವಾಗಿ ಕಾಣುವುದು ಈ ಲೈಸೆನ್ಸಿನ ಸಾಲೇ ಇಲ್ಲದಿರುವುದರಿಂದ. ಎರಡನ್ನೂ ಸರಿಯಾಗಿ ಹೋಲಿಸಬೇಕಾದರೆ ಆ ಸಾಲು ಸೇರಿಸಿ ಕೂಡಿಸಿ.

ಕೊನೆಗೆ, ಆಗಲೇ ಇಲ್ಲೊಬ್ಬರು ಶಾಲೆಯ ಮೇಷ್ಟ್ರು ಚೀಟಿ ಕಳಿಸಿದ್ದರು. ಕಂಪನಿಗಳು ಬಳಸಿ ಬಿಟ್ಟ ರೀಫರ್ಬಿಶ್ಡ್ ಮಷಿನ್‌ಗಳನ್ನು ಲ್ಯಾಬಿಗೆ ತರಬಹುದಾ ಅಂತ. ತರಬಹುದು ಮೇಷ್ಟ್ರೇ, ನಾನೇ ಎಷ್ಟೋ ಕಡೆ ಕೊಡಿಸಿದ್ದೇನೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಹಾಕಲು ಇಂಟೆಲ್ ಆದರೆ ಎಂಟನೇ ಜನರೇಷನ್ ಅಥವಾ ಅದರ ನಂತರದ್ದು ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೇಕು. ಆ ಗಡುವಿನ ಕಾರಣಕ್ಕೇ ಆರನೇ ಏಳನೇ ಜನರೇಷನ್ನಿನವು ಸೋವಿಗೆ ಸಿಗುತ್ತವೆ. ಲಿನಕ್ಸ್ ಹಾಕಿ ಪಾಠ ಮಾಡುವುದಾದರೆ ಅವೂ ಚೆನ್ನಾಗಿ ಓಡುತ್ತವೆ, ವಿಂಡೋಸೇ ಬೇಕು ಅನ್ನುವುದಾದರೆ ಮುಟ್ಟಬೇಡಿ. ಒಂದೇ ಮಾಡೆಲಿನವು ಇಪ್ಪತ್ತು ಬೇಕಾದರೆ ಇಪ್ಪತ್ತೆರಡು ತನ್ನಿ. ಎಸ್‌ಎಂಪಿಎಸ್ ಬೇರೆ ಕಡೆ ಸಿಗುವುದಿಲ್ಲ ಅಂದೆನಲ್ಲ, ಆ ಎರಡು ಮಷಿನ್ ಬಿಚ್ಚಿ ಬಳಸಲಿಕ್ಕೆ. ಅದೇ ಮಾಡೆಲ್ಲು ತೆಳ್ಳನೆ ಡಬ್ಬದಲ್ಲೂ ಟವರಿನಲ್ಲೂ ಸಿಕ್ಕರೆ ಟವರ್ ತಗೊಳ್ಳಿ, ಮಾಮೂಲಿ ಎತ್ತರದ ಕಾರ್ಡ್ ಹಿಡಿಸುತ್ತದೆ. ಹಣ ಕೊಡುವ ಮುಂಚೆ ಒಂದರ ಮುಚ್ಚಳ ತೆಗೆಸಿ, ರ‍್ಯಾಮ್ ಎಷ್ಟು ತುಂಡಿನಲ್ಲಿದೆ ನೋಡಿ. 8 ಜಿಬಿ ಒಂದೇ ತುಂಡಿನಲ್ಲಿದ್ದರೆ ಪಕ್ಕದ ಸ್ಲಾಟ್ ಖಾಲಿ ಉಳಿದಿರುತ್ತದೆ. ಎರಡೇ ಸ್ಲಾಟಿನ ಬೋರ್ಡಿನಲ್ಲಿ ನಾಲ್ಕು ಜಿಬಿಯ ಎರಡು ತುಂಡು ಇದ್ದರೆ ಮುಂದೆ ಹೆಚ್ಚಿಸುವಾಗ ಒಂದನ್ನು ತೆಗೆದಿಡಬೇಕಾಗುತ್ತದೆ, ಅಷ್ಟನ್ನು ಬೆಲೆಯಲ್ಲಿ ಇಳಿಸಲು ಕೇಳಿ.